ಇಲ್ಲದ ನಿಲ್ದಾಣದ ಉದ್ದ

ಮಾರ್ಚ್ 3

ಇವರಿಗೆ,
ವಿಮಾನ ನಿಲ್ದಾಣದ ವ್ಯವಸ್ಥಾಪಕರೆಂದು ಹೇಳಿಕೊಳ್ಳುತ್ತಿರುವವರು,
ಕಾನೂನು ಪ್ರಕಾರ ಮುಚ್ಚಿರುವ ನಿಲ್ದಾಣ, ಗೆರೆಯಾಚೆ.
(ಮೂರನೇ ದೇಶದ ಅಂಚೆಪೆಟ್ಟಿಗೆಯ ಮೂಲಕ)

ವಿಷಯ: ನಿಮ್ಮ ನಿಲ್ದಾಣ ಇಲ್ಲ ಎಂಬುದನ್ನು ನಿಮಗೆ ತಿಳಿಸುವ ಬಗ್ಗೆ.

ಮಾನ್ಯರೇ,

ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಹಕ್ಕಿದೆ. ಹೊರಗಿನ ವಿಮಾನ ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎಂದು ಹೇಳುವ ಅಧಿಕಾರವೂ ಆ ದೇಶದ್ದೇ. ನೀವು ಕುಳಿತಿರುವ ನೆಲ ನಮ್ಮದು. ಇಪ್ಪತ್ತಮೂರು ವರ್ಷದ ಹಿಂದೆ ಜಗಳವಾಗಿ ದೇಶದ ನಡುವೆ ಗೆರೆ ಬಿದ್ದ ದಿನವೇ ನಮ್ಮ ಸರ್ಕಾರ ಆ ನಿಲ್ದಾಣವನ್ನು ಮುಚ್ಚಿದೆ. ಹೀಗಿದ್ದೂ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಅಲ್ಲಿ ವಿಮಾನ ಇಳಿಯುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿದೆ.

ಸಮುದ್ರಮಟ್ಟದಿಂದ 212 ಮೀಟರ್ ಎತ್ತರದಲ್ಲಿ, ಉತ್ತರ ದಕ್ಷಿಣವಾಗಿ 2,100 ಮೀಟರ್ ಉದ್ದ, 45 ಮೀಟರ್ ಅಗಲದ ಕಾಂಕ್ರೀಟ್ ರನ್‌ವೇ, ಪಶ್ಚಿಮಕ್ಕೆ ಗೋಪುರ, ಪೂರ್ವಕ್ಕೆ 31 ಮೀಟರ್ ಎತ್ತರದ ನೀರಿನ ಟ್ಯಾಂಕು ಇರುವ ಸದರಿ ನಿಲ್ದಾಣ ಇಲ್ಲವೆಂದು ಈ ಮೂಲಕ ಮತ್ತೊಮ್ಮೆ ತಿಳಿಸಲಾಗಿದೆ. ಪ್ರತಿಯನ್ನು ಎಲ್ಲ ವಿಮಾನ ಸಂಸ್ಥೆಗಳಿಗೂ ಕಳಿಸಲಾಗಿದೆ. ಉತ್ತರ ಬೇಕಾಗಿಲ್ಲ.

ಕರಡು ಅಧಿಕಾರಿ,
ವಾಯುಪ್ರದೇಶ ಇಲಾಖೆ


ಮಾರ್ಚ್ 19

ಕರಡು ಅಧಿಕಾರಿ ಮೇಡಂ ಅವರಿಗೆ,

ನಮಸ್ಕಾರ. ಉತ್ತರ ಬೇಕಾಗಿಲ್ಲ ಎಂದಿದ್ದೀರಿ. ಇಲ್ಲದ ನಿಲ್ದಾಣದಿಂದ ಬಂದ ಉತ್ತರ ಬಂದೇ ಇಲ್ಲ ಅಂತ ಇಟ್ಟುಕೊಳ್ಳಿ.

ಇಪ್ಪತ್ತಮೂರು ವರ್ಷದಿಂದ ತಿಂಗಳಿಗೊಂದರಂತೆ ನಿಮ್ಮ ಪತ್ರ ಬರುತ್ತಿದೆ. ಇಷ್ಟು ತಪ್ಪದೆ ನನ್ನ ಒಡಹುಟ್ಟಿದ ತಮ್ಮನೂ ನನಗೆ ಬರೆದವನಲ್ಲ. ಒಂದನ್ನೂ ಎಸೆದಿಲ್ಲ ನಾನು. ಯಾಕೆ ಅಂತ ಕೇಳಿ. ಗೆರೆ ಬಿದ್ದಾಗ ಈ ನಿಲ್ದಾಣದ ನಕ್ಷೆಗಳೆಲ್ಲ ನಿಮ್ಮ ರಾಜಧಾನಿಯ ಕಪಾಟು ಸೇರಿಬಿಟ್ಟವು. ನಮಗೆ ಉಳಿದದ್ದು ಗೋಪುರ, ಒಂದು ಏಣಿ, ಎರಡು ಕುರ್ಚಿ. ಅದರಲ್ಲೂ ಒಂದು ಕುರ್ಚಿಗೆ ಮೂರೇ ಕಾಲು. ಬರುವ ಪೈಲಟ್ಟುಗಳು 'ಎತ್ತರ ಎಷ್ಟು, ಉದ್ದ ಎಷ್ಟು' ಎಂದರೆ ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಆಗ ಬಂತು ನೋಡಿ ನಿಮ್ಮ ಇಲಾಖೆಯ ಮೊದಲನೇ ಪತ್ರ! ಎತ್ತರ, ಉದ್ದ, ಅಗಲ, ನೀರಿನ ಟ್ಯಾಂಕು ಸಮೇತ. ಇಲ್ಲ ಅನ್ನುವುದಕ್ಕೆ ಇಷ್ಟು ವಿವರ ಕೊಟ್ಟವರನ್ನು ನಾನು ಕಂಡಿಲ್ಲ. ಅದಕ್ಕೆ ಚೌಕಟ್ಟು ಹಾಕಿಸಿ ಗೋಪುರದ ಗೋಡೆಗೆ ನೇತುಹಾಕಿದೆವು. ಇವತ್ತಿಗೂ ಹೊಸ ಪೈಲಟ್ ಬಂದರೆ ನಾವು ಓದಿ ಹೇಳುವುದು ಅದನ್ನೇ.

ಈಗ ಬರೆದ ಕಾರಣ ಇಷ್ಟೆ. ನಿಮ್ಮ ಒಂದು ಅಂಕಿ ತಪ್ಪಿದೆ. ರನ್‌ವೇ 2,100 ಅಲ್ಲ, 2,040. ಉತ್ತರದ ತುದಿ ಬಿರುಕು ಬಿಟ್ಟು ಹುಲ್ಲು ಬೆಳೆದಿದೆ. ಸಾಲದ್ದಕ್ಕೆ ಅಲ್ಲಿ ಕಾಂಕ್ರೀಟ್ ಹಸಿಯಿದ್ದಾಗ ಯಾವುದೋ ತರಲೆ ಮಗು ಕಾಲಿಟ್ಟ ಗುರುತು ಬೇರೆ ಇದೆ, ಮಳೆ ಬಂದರೆ ನೀರು ನಿಲ್ಲುತ್ತದೆ. ಜೂನ್‌ನಲ್ಲಿ ಅಷ್ಟನ್ನೂ ಅಗೆಸಿ ಹೊಸದಾಗಿ ಹಾಕಿಸುವ ಯೋಚನೆಯಿದೆ.

ಮಂಗಳವಾರದ ವಿಮಾನದಲ್ಲಿ ಒಮ್ಮೆ ಬಂದು ನೋಡಿ. ಕಿಟಕಿ ಪಕ್ಕದ ಸೀಟು ನನ್ನ ಜವಾಬ್ದಾರಿ.

ಇತಿ,
ವ್ಯವಸ್ಥಾಪಕರೆಂದು ಹೇಳಿಕೊಳ್ಳುವವನು


ಏಪ್ರಿಲ್ 4

ಮಾನ್ಯರೇ,

ನಿಮ್ಮ ಪತ್ರವನ್ನು ಕಡತಕ್ಕೆ ಸೇರಿಸಿಲ್ಲ, ಸೇರಿಸಿದರೆ ಅದು ಬಂದಂತಾಗುತ್ತದೆ.

ಇಳಿಯಬಾರದು ಎಂದು ಹೇಳುವ ಪತ್ರವನ್ನು ನೋಡಿಕೊಂಡು ವಿಮಾನ ಇಳಿಸುವುದು ಗಂಭೀರ ಅಪರಾಧ. ಅಂಕಿಗಳನ್ನು ಓದಿದವರಿಗೆ ಅವುಗಳ ಕೆಳಗಿನ ಸಾಲು ಕಾಣಲಿಲ್ಲವೇ? ಚೌಕಟ್ಟಿನಿಂದ ಅದನ್ನು ಕೂಡಲೇ ತೆಗೆಯತಕ್ಕದ್ದು.

ಉದ್ದ 2,100 ಮೀಟರೇ. ಅದನ್ನು ಅಳೆದವರು ಮೂವತ್ತು ವರ್ಷದ ಕೆಲಸದಲ್ಲಿ ಒಂದು ಗೇಣು ತಪ್ಪಿದವರಲ್ಲ. ನಿಮ್ಮ ಟೇಪು ಹಿಗ್ಗಿರಬೇಕು, ಇಲ್ಲವೇ ಹಿಡಿದವರ ಕೈ.

ಉತ್ತರದ ತುದಿಯನ್ನು ಅಗೆಯಕೂಡದು. ಮುಚ್ಚಿರುವ ನಿಲ್ದಾಣದಲ್ಲಿ ಯಾವ ದುರಸ್ತಿಗೂ ಕಾನೂನಿನ ಆಧಾರವಿಲ್ಲ. ಒಂದು ಹಿಡಿ ಸಿಮೆಂಟೂ ಅಲ್ಲಿ ಬೀಳಬಾರದು.

ಮತ್ತೆ, ನಾನು ಹೆಂಗಸೆಂದು ನಿಮಗೆ ಹೇಗೆ ತಿಳಿಯಿತು?

ಕರಡು ಅಧಿಕಾರಿ


ಏಪ್ರಿಲ್ 20

ಮೇಡಂ ಅವರಿಗೆ,

ಅಕ್ಷರ ದುಂಡಗಿತ್ತು, ಅದಕ್ಕೇ ಹೆಂಗಸಿರಬೇಕು ಅಂತ ಊಹಿಸಿದೆ.

ಒಂದು ಹಿಡಿ ಸಿಮೆಂಟಿಗೂ ಅಡ್ಡ ಬರುತ್ತೀರಲ್ಲ, ನಿಮ್ಮ ಸರ್ಕಾರಕ್ಕೆ ನಮ್ಮ ಮೇಲೆ ಇಷ್ಟೊಂದು ಸಿಟ್ಟೇ ಅಂತ ಬೇಜಾರಾಯಿತು. ಇರಲಿ. ಉದ್ದದ ವಿಷಯಕ್ಕೆ ಬರುತ್ತೇನೆ. ಇರುವ ಉದ್ದ ಬೇರೆ, ಉಪಯೋಗಕ್ಕೆ ಬರುವ ಉದ್ದ ಬೇರೆ. ಯಾವನೋ ಹೊಸ ಪೈಲಟ್ ನಿಮ್ಮ ಪತ್ರ ನಂಬಿ ಆ ಬಿರುಕಿನ ಅರವತ್ತು ಮೀಟರಿನ ಮೇಲೆ ಚಕ್ರ ಇಟ್ಟ ಅಂತಿಟ್ಟುಕೊಳ್ಳಿ. ಒಳಗೆ ಎಪ್ಪತ್ತು ಜನ ಇರುತ್ತಾರೆ. ಆಸ್ಪತ್ರೆಗೆ ಹೋಗಿ ಬರುವವರು, ಓದುವ ಮಕ್ಕಳು. ನಮಗೆ ಹೊರಗೆ ಹೋಗಲು ಇದೊಂದೇ ಬಾಗಿಲು. ಅದಕ್ಕೇ ಇಪ್ಪತ್ತಮೂರು ವರ್ಷದಲ್ಲಿ ಒಂದು ಗಂಟೆಯೂ ನಾನು ಇದನ್ನು ಮುಚ್ಚಿಲ್ಲ. ನಮ್ಮಪ್ಪ ತೀರಿಕೊಂಡ ಬೆಳಿಗ್ಗೆಯೂ ವಿಮಾನ ಇಳಿಸಿಯೇ ಮನೆಗೆ ಹೋದೆ.

ನಮ್ಮ ರೇಡಿಯೊ ನೀವು ಕೇಳಬೇಕು. ವಿಮಾನ ಹತ್ತಿರ ಬರುತ್ತಿದ್ದಂತೆ ನಿಮ್ಮ ಕಡೆಯಿಂದ ಒಬ್ಬರು ಶುರು ಮಾಡುತ್ತಾರೆ. ನಾವು ಅವರಿಗೆ ದಪ್ಪದನಿ ಅಂತ ಹೆಸರಿಟ್ಟಿದ್ದೇವೆ. 'ನಿಲ್ದಾಣ ಮುಚ್ಚಿದೆ, ಇಳೀಬೇಡಿ' ಅಂತಾರೆ ಅವರು. 'ಬನ್ನಿ ಬನ್ನಿ, ಗಾಳಿ ಚೆನ್ನಾಗಿದೆ' ಅಂತೀವಿ ನಾವು. ಪೈಲಟ್ ಇಬ್ಬರಿಗೂ ಥ್ಯಾಂಕ್ಸ್ ಹೇಳಿ ಇಳಿಯುತ್ತಾನೆ. ಹೋದ ತಿಂಗಳು ದಪ್ಪದನಿಯವರಿಗೆ ಕೆಮ್ಮು. ಪಾಪ, 'ಮುಚ್ಚಿದೆ' ಅನ್ನುವಷ್ಟರಲ್ಲಿ ವಿಮಾನ ನೆಲ ಮುಟ್ಟಿತ್ತು. ಬಿಸಿನೀರು ಕುಡಿಯಲು ಹೇಳಿ ಅವರಿಗೆ.

ಮಂಗಳವಾರದ ಮಾತು ಮರೆಯಬೇಡಿ.

ವ್ಯವಸ್ಥಾಪಕ


ಮೇ 5

ತಿದ್ದುಪಡಿ ಪ್ರಕಟಣೆ

ಎಲ್ಲ ವಿಮಾನ ಸಂಸ್ಥೆಗಳಿಗೂ ತಿಳಿಸುವುದೇನೆಂದರೆ, ಇಲ್ಲದ ಸದರಿ ನಿಲ್ದಾಣದ ರನ್‌ವೇಯಲ್ಲಿ ಉಪಯೋಗಕ್ಕೆ ಬರುವ ಉದ್ದ 2,040 ಮೀಟರ್ ಎಂದು ಓದಿಕೊಳ್ಳತಕ್ಕದ್ದು. ಉತ್ತರ ತುದಿಯ ಅರವತ್ತು ಮೀಟರಿನ ಮೇಲೆ ಯಾವ ವಿಮಾನವೂ ಇಳಿಯಬಾರದು. ಉಳಿದ 2,040 ಮೀಟರಿನ ಮೇಲೂ ಇಳಿಯಬಾರದು.

ಕರಡು ಅಧಿಕಾರಿ

(ಕೆಳಗೆ ಪೆನ್ನಿನಲ್ಲಿ) ನಿಮ್ಮ ಮಾತಿಗೆ ಒಪ್ಪಿದೆ ಎಂದು ಬೀಗಬೇಡಿ. ತಪ್ಪು ಅಂಕಿ ನನ್ನ ಸಹಿಯಡಿ ಹೋದರೆ ನನಗೆ ಅನ್ನ ಸೇರುವುದಿಲ್ಲ. ದಪ್ಪದನಿಯವರ ಕೆಮ್ಮು ವಾಸಿಯಾಗಿದೆ. ನಮ್ಮ ಪತ್ರಗಳೆಲ್ಲ ಟೈಪ್ ಮಾಡಿದವು. ದುಂಡಗಿನ ಅಕ್ಷರ ಎಲ್ಲಿ ಕಂಡಿರಿ?


ಮೇ 11

ರೀ ಸ್ವಾಮಿ,

ಇದು ಕಚೇರಿಯ ಕಾಗದವಲ್ಲ. ನನ್ನ ಸ್ವಂತ ಕಾಗದ, ಸ್ವಂತ ಅಂಚೆಚೀಟಿ, ಸ್ವಂತ ಸಿಟ್ಟು.

ಮೂರನೇ ದೇಶದಲ್ಲಿ ನರ್ಸ್ ಆಗಿರುವ ನನ್ನ ಒಬ್ಬಳೇ ಮಗಳು ನಿನ್ನೆ ಫೋನ್ ಮಾಡಿದಳು. ಹುಡುಗನನ್ನು ನೋಡಿಕೊಂಡಿದ್ದಾಳಂತೆ. ಸಂತೋಷ ಅಂದೆ.

'ಏನ್ ಮಾಡ್ತಾನೆ?'

'ವಿಮಾನದ ಇಂಜಿನ್ ರಿಪೇರಿ ಮಾಡ್ತಾನಮ್ಮ.'

'ಒಳ್ಳೇದು. ಅವರಪ್ಪ?'

'ಅವರೂ ವಿಮಾನದ ಕಡೆಯವರೇ.'

'ಯಾವ ಸಂಸ್ಥೆ?'

'ಸಂಸ್ಥೆ ಅಲ್ಲಮ್ಮ. ನಿಲ್ದಾಣ.'

'ಯಾವ ನಿಲ್ದಾಣ?'

ಮೆಲ್ಲಗೆ ಅಂದಳು, 'ನೀನು ದಿನಾ ಇಲ್ಲ ಅಂತೀಯಲ್ಲಮ್ಮ, ಅದು.'

ಕೈಲಿದ್ದ ಲೋಟ ಜಾರಿ ಬಿತ್ತು. ಗಾಜಿನದು, ಆರರ ಜೊತೆಯದ್ದು, ಈಗ ಐದು ಉಳಿದಿವೆ.

ನಿಮಗೆ ಮೊದಲೇ ಗೊತ್ತಿತ್ತು! ಅದಕ್ಕೇ ಮೇಡಂ, ಅದಕ್ಕೇ ಮಂಗಳವಾರ, ಅದಕ್ಕೇ ಕಿಟಕಿ ಪಕ್ಕದ ಸೀಟು! ನಾನೊಬ್ಬಳು ಪೆದ್ದಿ, ರನ್‌ವೇ ಉದ್ದದ ಬಗ್ಗೆ ಕಾಳಜಿ ಇರುವ ಮನುಷ್ಯ ಅಂದುಕೊಂಡು ತಿದ್ದುಪಡಿ ಬೇರೆ ಹೊರಡಿಸಿದೆ. ಮುಖಕ್ಕೆ ನೇರ ಹೇಳಲು ಏನಾಗಿತ್ತು ನಿಮಗೆ? ಇಲ್ಲದ ನಿಲ್ದಾಣದ ವ್ಯವಸ್ಥಾಪಕರ ಮಗ! ನಾಳೆ ಕಚೇರಿಯಲ್ಲಿ ಯಾರಾದರೂ ಅಳಿಯನ ಮನೆ ಎಲ್ಲಿ ಎಂದರೆ ನಾನು ಏನು ಹೇಳಲಿ?

ಹುಡುಗಿಯ ತಾಯಿ


ಮೇ 28

ಬೀಗಿತ್ತಿಯವರೇ,

ಬೈದರೂ ಸರಿ, ಇನ್ನು ನಿಮ್ಮನ್ನು ಕರೆಯುವುದು ಹೀಗೇ.

ತಪ್ಪಾಯಿತು. ಮಗ ಜನವರಿಯಲ್ಲೇ ವಿಷಯ ಹೇಳಿದ್ದ. ಹುಡುಗಿಯ ತಾಯಿ ಯಾರು ಅಂತ ಕೇಳಿ ನಾನು ಮೂರು ಕಾಲಿನ ಕುರ್ಚಿಯ ಮೇಲೆ ಕೂತುಬಿಟ್ಟೆ, ಬಿದ್ದೆ. ಬರೆಯಲು ಕೂತಾಗ ನಮ್ಮ ಮನೆಯವಳು ಬೆನ್ನ ಹಿಂದೆಯೇ ನಿಂತಿದ್ದಳು. 'ಇಪ್ಪತ್ಮೂರು ವರ್ಷ ತೆಪ್ಪಗಿದ್ದು ಈಗ ಬರೀತಿದ್ದೀರಿ, ವಿಷ್ಯ ನೆಟ್ಟಗೆ ಹೇಳಿ. ರನ್‌ವೇ ಉದ್ದ ಯಾರಿಗ್ ಬೇಕು?' ಅಂದಳು. 'ಹೆಣ್ಣಿನ ತಾಯಿ ಹತ್ರ ಏಕಾಏಕಿ ಕೇಳೋಕಾಗುತ್ತೇನೇ, ಮೊದ್ಲು ಮಾತು ಶುರುವಾಗ್ಲಿ' ಅಂದೆ. 'ಮಾತು ಶುರು ಮಾಡೋಕೆ ಅವರ ತಪ್ಪು ಹುಡುಕ್ತಾರಾ ಯಾರಾದ್ರೂ!' ಅಂದು ತಲೆ ಚಚ್ಚಿಕೊಂಡಳು. ಆ ಕೆಲಸದಲ್ಲಿ ಅವಳಿಗೆ ಮೂವತ್ತು ವರ್ಷದ ಅನುಭವ.

ನಿಮ್ಮ ಮಗಳು ಜನವರಿಯಲ್ಲಿ ಇಲ್ಲಿಗೆ ಬಂದಿದ್ದಳು. ಬಂದ ದಿನವೇ ನಮ್ಮ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದಳು. ಉಪ್ಪು ಎಂದು ಬರೆದ ಹಳೇ ಡಬ್ಬಿಯಲ್ಲಿ ನಮ್ಮವಳು ಸಕ್ಕರೆ ಇಡುತ್ತಾಳೆ, ಅಭ್ಯಾಸ. 'ಅತ್ತೆ, ಹೊರಗೊಂದು ಒಳಗೊಂದು ಇರಬಾರದು' ಅಂತ ಅರ್ಧ ಗಂಟೆ ವಾದ. ಅವತ್ತೇ ನಮ್ಮವಳು ಒಳಗೆ ಬಂದು 'ಇದೇ ಸೊಸೆ' ಅಂದಳು.

ಅಕ್ಟೋಬರ್ ಹನ್ನೆರಡಕ್ಕೆ ಮದುವೆ ಇಲ್ಲೇ ಇಟ್ಟುಕೊಂಡಿದ್ದೇವೆ. ನಿಮ್ಮ ರಾಜಧಾನಿಗೆ ನಮ್ಮನ್ನು ಬಿಡುವುದಿಲ್ಲ. ಮೂರನೇ ದೇಶಕ್ಕೆ ಮಗ ಓದಲು ಹೋದಾಗ ಹಳೇ ಕಾಗದ ನಡೆಯುತ್ತಿತ್ತು, ಈಗ ರೋಗಿಗಳು, ಓದುವ ಮಕ್ಕಳನ್ನು ಬಿಟ್ಟರೆ ಉಳಿದವರ ಪಾಸ್‌ಪೋರ್ಟ್ ನೋಡಿ ಅಲ್ಲಿ ನಗುತ್ತಾರೆ. ನೀವು ಮಾತ್ರ ಬರಬಲ್ಲಿರಿ. ಬರಲೇಬೇಕು. ತಾಯಿ ಇಲ್ಲದೆ ಸಹಿ ಹಾಕುವುದಿಲ್ಲ ಅಂತ ಹುಡುಗಿ ಹಟ ಹಿಡಿದಿದ್ದಾಳೆ.

ನಿಮ್ಮ ಬೀಗ


ಜೂನ್ 13

ಬೀಗರೇ,

ಒಂದು ವಾರ ನಿಮ್ಮ ಮೇಲೆ ಸಿಟ್ಟಿತ್ತು. ಡಬ್ಬಿಗಳ ವಿಷಯ ಓದಿ ನಗು ಬಂತು, ಸಿಟ್ಟು ಹೋಯಿತು. ಅವಳು ಮಾಡಿದ್ದು ಸರಿಯೇ.

ಆದರೆ ನಾನು ಬರಲಾರೆ. ಮುಚ್ಚಿದ ನಿಲ್ದಾಣದಲ್ಲಿ ಇಳಿದ ನಮ್ಮ ದೇಶದವರ ಪಾಸ್‌ಪೋರ್ಟ್ ರದ್ದಾಗುತ್ತದೆ, ಸರ್ಕಾರಿ ನೌಕರರಾದರೆ ಕೆಲಸದಿಂದ ವಜಾ, ಮೇಲೆ ಜೈಲು. ಒಂಬತ್ತನೇ ಕಲಮು. ಮಗಳ ಕೈಯಲ್ಲಿ ಮೂರನೇ ದೇಶದ ಪಾಸ್‌ಪೋರ್ಟ್ ಇದೆ, ಅವಳಿಗೆ ಇದು ತಟ್ಟುವುದಿಲ್ಲ. ನನಗೆ ತಟ್ಟುತ್ತದೆ. ಎಲ್ಲಾದರೂ ಸಂದು ಇದೆಯೇ ಎಂದು ಮೂರು ಸಲ ಓದಿದೆ. ಸೂಜಿ ತೂರುವಷ್ಟು ಜಾಗವಿಲ್ಲ. ಹೇಗಿರುತ್ತದೆ ಹೇಳಿ, ಬರೆದವಳು ನಾನೇ. ಆಗ ನಿರ್ದೇಶಕರು ಬೆನ್ನು ತಟ್ಟಿ 'ಭೇಷ್' ಅಂದಿದ್ದರು.

ಇನ್ನೊಂದು ವಿಷಯ ಹೇಳದೆ ಇಟ್ಟುಕೊಂಡಿದ್ದೆ. ಆ ರನ್‌ವೇ ಅಳೆದು ಗುರುತು ಹಾಕಿದವರು ನಮ್ಮಪ್ಪ. ಅಳತೆಗಾರ. ನನಗಾಗ ಏಳು ವರ್ಷ. ಊಟದ ಬುತ್ತಿ ಕೊಡಲು ಹೋಗಿದ್ದೆ, ಹಸಿ ಕಾಂಕ್ರೀಟಿನ ಮೇಲೆ ಕಾಲಿಟ್ಟೆ. ಮೇಸ್ತ್ರಿ ಹೊಡೆಯಲು ಬಂದರು. ಅಪ್ಪ ಅಡ್ಡ ನಿಂತು, 'ಇರ್ಲಿ ಬಿಡಿ, ಅಳತೆ ಇಲ್ಲಿಗೆ ಮುಗೀತು ಅಂತ ಗುರುತು' ಅಂದರು. ಗೆರೆ ಬಿದ್ದ ಮೇಲೆ ಅಪ್ಪನಿಗೆ ಆ ಕಡೆ ಹೋಗಲು ಆಗಲಿಲ್ಲ. ಸಾಯುವವರೆಗೂ ಅದೇ ಅವರ ಕೊರಗು.

ಆ ತರಲೆ ಮಗು ನಾನೇ. ಅದನ್ನು ಅಗೆಸಬೇಡಿ.

ಮದುವೆಗೆ ಅವಳನ್ನು ಒಪ್ಪಿಸುತ್ತೇನೆ. ನಾನಿಲ್ಲದಿದ್ದರೂ ನಡೆಯಲಿ.

ಬೀಗಿತ್ತಿ


ಜೂನ್ 30

ಬೀಗಿತ್ತಿಯವರೇ,

ಗುದ್ದಲಿಗಳನ್ನು ವಾಪಸ್ ಕಳಿಸಿದೆ. ಇದ್ದದ್ದು ಇದ್ದಂತೆ ಇದೆ. ಹುಲ್ಲು ಕಿತ್ತು ಬಟ್ಟೆಯಲ್ಲಿ ಒರೆಸಿ ಬಂದೆ. ತರಲೆ ಅಂದದ್ದನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ನಾನೂ ಮನೆಯವಳೂ ಕೂತು ಯೋಚನೆ ಮಾಡುತ್ತಿದ್ದೇವೆ. ವಿಮಾನ ಇಳಿಯದೆ ತೀರಾ ಕೆಳಗೆ ಬಂದರೆ ನೀವು ಹಾರಿಕೊಳ್ಳಬಹುದೇ ಅಂತ ಕೇಳಿದೆ. 'ಆಯಮ್ಮನ ಮಂಡಿ ನೋವು ನಿಮಗೇನ್ ಗೊತ್ತು' ಅಂತ ನಮ್ಮವಳು ಚಪಾತಿ ಲಟ್ಟಣಿಗೆ ತೋರಿಸಿದಳು. ಗೆರೆಯ ಗೇಟಿದೆಯಲ್ಲ, ಅದನ್ನು ಕಾಯುವ ನಡುವಿನ ಪಡೆಯವರು ಪರದೇಶದವರು. ಎರಡೂ ಕಡೆಯ ಸರ್ಕಾರ ಬರೆದುಕೊಟ್ಟ ಕಚೇರಿ ಕೆಲಸ ಇದ್ದರೆ ಮಾತ್ರ ಬಿಡುತ್ತಾರೆ, ಅದೂ ಶುಕ್ರವಾರ. ಎರಡೂ ಸರ್ಕಾರ ಒಂದೇ ಕಾಗದಕ್ಕೆ ಸಹಿ ಹಾಕಿದ್ದನ್ನು ನಾನು ನೋಡಿಲ್ಲ.

ಬೀಗ


ಜುಲೈ 16

ಬೀಗರೇ,

ನಿಮ್ಮನ್ನು ನಂಬಿ ಕೆಟ್ಟೆ!

ನಮ್ಮ ನಿರ್ದೇಶಕರಿಗೆ ಕೆಂಪುಶಾಯಿ ಎಂದು ಹೆಸರು. ಅವರ ಕಣ್ಣಿಗೆ ನನ್ನ ತಿದ್ದುಪಡಿ ಬಿತ್ತು. ಎಲ್ಲರ ಮುಂದೆ ಕರೆದರು.

'ಈ 2,040 ಯಾರು ಅಳೆದದ್ದು?'

ಸುಳ್ಳು ಹೇಳಿ ಅಭ್ಯಾಸವಿಲ್ಲ. 'ಆ ಕಡೆಯವರು ಸಾರ್' ಅಂದೆ.

'ಅಂದ್ರೆ ಇಲ್ಲದ ನಿಲ್ದಾಣ ತನ್ನ ಉದ್ದ ತಾನೇ ಹೇಳ್ತು, ನಾವು ಹೌದಪ್ಪ ಅಂದ್ವಿ! ಇಷ್ಟು ಸಾಕಲ್ಲ ನಾಳೆ ಅವರು ನ್ಯಾಯಾಲಯದಲ್ಲಿ ಹೋಗಿ, ನೋಡಿ ನಮ್ಮನ್ನ ಒಪ್ಕೊಂಡಿದ್ದಾರೆ ಅನ್ನೋಕೆ!'

ಹದಿನೈದು ದಿನದೊಳಗೆ ವಿವರಣೆ ಕೊಡಬೇಕು ಎಂದು ಕೆಂಪು ಶಾಯಿಯಲ್ಲಿ ಬರೆದರು. ಡಿಸೆಂಬರ್‌ನಲ್ಲಿ ನಿವೃತ್ತಿ ನನಗೆ. ಮೂವತ್ತನಾಲ್ಕು ವರ್ಷದಲ್ಲಿ ಒಂದು ವಿವರಣೆ ಕೇಳಿಸಿಕೊಂಡವಳಲ್ಲ. ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಅತ್ತೆ.

ಅತ್ತು ಮುಗಿದ ಮೇಲೆ ಅಪ್ಪನ ಮಾತು ನೆನಪಾಯಿತು. ಯಾರಾದರೂ ಅಂಕಿಯ ಬಗ್ಗೆ ಜಗಳ ತೆಗೆದರೆ ಅವರು ಟೇಪು ಎತ್ತಿಕೊಂಡು ಎದ್ದು ಹೋಗುತ್ತಿದ್ದರು. ಮರುದಿನ ನನ್ನ ವಿವರಣೆ ಕೊಟ್ಟೆ, ಎರಡೇ ಸಾಲು: 'ಅಂಕಿ ನಮ್ಮದಾಗಬೇಕಾದರೆ ನಮ್ಮವರೇ ಹೋಗಿ ಅಳೆಯಬೇಕು. ಇದು ನಮ್ಮ ನೆಲವಾದ್ದರಿಂದ ಅಳೆಯುವ ಅಧಿಕಾರ ನಮಗಿದೆ.'

ಕೆಂಪುಶಾಯಿ ಅದನ್ನು ಎರಡು ಸಲ ಓದಿದರು. ಆಮೇಲೆ ಮೇಜು ಕುಟ್ಟಿದರು. 'ಅಧಿಕಾರ ಇದೆ ಅಂದ್ಮೇಲೆ ಚಲಾಯಿಸ್ಬೇಕು. ಯಾರು ಹೋಗ್ತಾರೆ?'

ಅಳತೆ ಗೊತ್ತಿರುವವರು ಇಲಾಖೆಯಲ್ಲಿ ನಾನೊಬ್ಬಳೇ ಅಂದೆ. ಸಹಿ ಹಾಕಿಬಿಟ್ಟರು, ಬೀಗರೇ! ನೆಲದ ಮೇಲೆ, ಗೇಟಿನಿಂದ ಬಂದರೆ ಒಂಬತ್ತನೇ ಕಲಮು ಅಡ್ಡ ಬರುವುದಿಲ್ಲ. ಈಗ ನಿಮ್ಮ ಕಡೆಯ ಸಹಿ ಬೇಕು. ಹನ್ನೆರಡು ಶುಕ್ರವಾರವೇ ಬರುತ್ತದೆ, ಕ್ಯಾಲೆಂಡರ್ ನೋಡಿ.

ಬೀಗಿತ್ತಿ


ಆಗಸ್ಟ್ 3

ಬೀಗಿತ್ತಿಯವರೇ,

ನಿಮ್ಮ ಪತ್ರ ಓದಿ ನಮ್ಮವಳು ಕುಣಿದಳು. ನಾನು ಓಡಿದೆ, ನಮ್ಮ ಸಾರಿಗೆ ಕಾರ್ಯದರ್ಶಿಯ ಕಚೇರಿಗೆ. 'ಸಾರ್, ಆ ಕಡೆಯವರು ನಮ್ಮ ರನ್‌ವೇ ಅಳೆಯೋಕೆ ಬರ್ತಾರಂತೆ' ಅಂದೆ. ಅವರು ಕುರ್ಚಿಯಿಂದ ಅರ್ಧ ಎದ್ದರು. 'ಅಳೆಯೋಕಾ? ಇಲ್ಲದ್ದನ್ನ ಯಾರಾದ್ರೂ ಅಳೀತಾರೇನ್ರೀ? ಅಂದ್ರೆ ಇದೆ ಅಂತ ಒಪ್ಕೊಂಡ ಹಾಗಾಯ್ತು! ಬರ್ಲಿ, ಧಾರಾಳವಾಗಿ ಬರ್ಲಿ!' ಅಂದರು. ನಿಮ್ಮ ಕೆಂಪುಶಾಯಿಯೂ ಗೆದ್ದರು, ನಮ್ಮ ಕಾರ್ಯದರ್ಶಿಯೂ ಗೆದ್ದರು.

ಸೋತವನು ನಾನು. ನಡುವಿನ ಪಡೆಯವರು ಒಂದು ಷರತ್ತು ಹಾಕಿದ್ದಾರೆ. ನೀವು ಗೇಟಿನಿಂದ ನೇರ ರನ್‌ವೇಗೆ, ರನ್‌ವೇಯಿಂದ ನೇರ ಗೇಟಿಗೆ. ಬೇರೆಲ್ಲಿಗೂ ಬಿಡುವುದಿಲ್ಲ, ಜೊತೆಗೆ ಅವರ ಸೈನಿಕನೊಬ್ಬ ಇರುತ್ತಾನೆ. ಅದಕ್ಕೇನು, ಮದುವೆಯನ್ನೇ ರನ್‌ವೇಗೆ ತರುತ್ತೇನೆ. ಆದರೆ ಜನ ನಿಂತಿರುವ ಕಡೆ ವಿಮಾನ ಬರಬಾರದು, ಆದ್ದರಿಂದ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ 'ನಿಲ್ದಾಣ ಮುಚ್ಚಿದೆ' ಎಂದು ನಾನು ಸಹಿ ಹಾಕಿ ಪ್ರಕಟಣೆ ಹೊರಡಿಸಬೇಕಂತೆ.

ಬೀಗಿತ್ತಿಯವರೇ, ಏನು ಬೇಕಾದರೂ ಕೇಳಿ, ಇದೊಂದು ಬೇಡ. ನಾನು ನನ್ನ ಕೈಯಾರೆ ಆ ಮಾತು ಬರೆದರೆ ನಾಳೆ ದಪ್ಪದನಿ ಅದನ್ನೇ ರೇಡಿಯೊದಲ್ಲಿ ಓದುತ್ತಾರೆ. 'ನೋಡಿ, ಅವರೇ ಮುಚ್ಚಿದೆ ಅಂದಿದ್ದಾರೆ' ಎಂದು. ಇಪ್ಪತ್ತಮೂರು ವರ್ಷ ನಾನು ಈ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತವನು. ಬೇರೆ ದಾರಿ ಹುಡುಕೋಣ.

ಬೀಗ


ಆಗಸ್ಟ್ 19

ಬೀಗರೇ,

ಬೇರೆ ದಾರಿ ಇಲ್ಲ. ನಿಮಗೂ ಗೊತ್ತು.

ನಿಮ್ಮನ್ನು ಬಲವಂತ ಮಾಡುವುದಿಲ್ಲ. ಆ ಒಂದು ಮಾತು ನಿಮ್ಮಿಂದ ಬರೆಸಲು ನಾನು ಇಪ್ಪತ್ತಮೂರು ವರ್ಷ ಪತ್ರ ಬರೆದಿದ್ದೇನೆ. ಈಗ ಅದನ್ನು ಬರೆಯಿರಿ ಎಂದು ಕೇಳಲು ನನಗೇ ಬಾಯಿ ಬರುತ್ತಿಲ್ಲ. ಎಪ್ಪತ್ತು ಜನರ ಮಾತು ನೀವು ಹೇಳಿದಿರಲ್ಲ, ಅದು ಮನಸ್ಸಿನಲ್ಲಿ ಕೂತಿದೆ.

ಮಗಳ ಮದುವೆ ನೋಡಬೇಕು ಅಂತ ತುಂಬಾ ಆಸೆಯಿತ್ತು. ಇರಲಿ. ಫೋಟೋ ಕಳಿಸಿ. ಒಂದು ಫೋಟೋ ಆ ಉತ್ತರದ ತುದಿಯಲ್ಲಿ ತೆಗೆಸಿ.

ಬೀಗಿತ್ತಿ


ಸೆಪ್ಟೆಂಬರ್ 4

ಎಲ್ಲ ಪೈಲಟ್ಟುಗಳಿಗೆ ಪ್ರಕಟಣೆ

ಅಕ್ಟೋಬರ್ 12, ಶುಕ್ರವಾರ, ಬೆಳಿಗ್ಗೆ 10ರಿಂದ 12ರವರೆಗೆ ಈ ನಿಲ್ದಾಣ ಮುಚ್ಚಿರುತ್ತದೆ. ಕಾರಣ: ರನ್‌ವೇ ಅಳತೆ. ಹತ್ತೂವರೆಯ ವಿಮಾನ ಹನ್ನೆರಡರ ನಂತರ ಬರುವುದು.

ವ್ಯವಸ್ಥಾಪಕ

(ಕೆಳಗೆ ಪೆನ್ನಿನಲ್ಲಿ) ನಾಲ್ಕು ದಿನ ಊಟ ಸೇರಲಿಲ್ಲ. ಐದನೇ ದಿನ ನಮ್ಮವಳು ಪೆನ್ನು ತಂದು ಮುಂದಿಟ್ಟಳು. 'ಬಾಗಿಲು ಕಾಯ್ತೀನಿ ಕಾಯ್ತೀನಿ ಅಂತೀರಿ. ಸೊಸೆಯ ತಾಯಿ ಒಳಗೆ ಬರೋಕಾಗ್ದಿದ್ರೆ ಅದೆಂಥ ಬಾಗಿಲ್ರೀ?' ಅಂದಳು. ಸಹಿ ಹಾಕಿದೆ. ಟೇಪು ನೀವೇ ತನ್ನಿ, ನಮ್ಮದು ಹಿಗ್ಗಿದೆಯಂತಲ್ಲ.


ಅಕ್ಟೋಬರ್ 15

ಬೀಗರೇ,

ಕೆಂಪುಶಾಯಿಯವರಿಗೆ ಕೊಟ್ಟ ವರದಿಯ ನಕಲು ಇದು:

'ದಿನಾಂಕ 12ರಂದು ಸ್ಥಳಕ್ಕೆ ಖುದ್ದಾಗಿ ಹೋಗಿ ಪರಿಶೀಲಿಸಲಾಯಿತು. ನಿಲ್ದಾಣ ಮುಚ್ಚಿತ್ತು. ಒಂದು ವಿಮಾನವೂ ಕಂಡುಬರಲಿಲ್ಲ. ರನ್‌ವೇ ಮೇಲೆ ಹೊಸ ಬಟ್ಟೆ ತೊಟ್ಟ ಸುಮಾರು ನೂರ ಹತ್ತು ಜನರಿದ್ದರು. ಅವರು ಅಳತೆಗೆ ಸಹಕರಿಸಿದರು.'

ಅವರು ಓದಿ, 'ಇಷ್ಟು ವರ್ಷಕ್ಕೆ ನಮ್ಮ ಪತ್ರ ನಿಜವಾಯ್ತು' ಎಂದು ಸಂತೋಷಪಟ್ಟರು. ಪೂರ್ತಿ ಸುಳ್ಳಲ್ಲದ ಕಾರಣ ನಾನೂ ಸುಮ್ಮನಿದ್ದೆ.

ವರದಿಯಲ್ಲಿ ಹಾಕದ್ದು ಬಹಳ ಇದೆ. ಅಪ್ಪನ ಐವತ್ತು ಮೀಟರಿನ ಟೇಪಿನ ಒಂದು ತುದಿ ಮಗಳು ಹಿಡಿದಳು, ಇನ್ನೊಂದು ತುದಿ ಅಳಿಯ. ನೀವು ಬೇಡವೆಂದರೂ ಎಣಿಸುತ್ತಾ ಬಂದಿರಿ. ನಾನು ಮೂವತ್ತೇಳು ಎಂದರೆ ನೀವು ಮೂವತ್ತಾರು! ಮದುವೆಗೆ ಬಂದವರೆಲ್ಲ ಎರಡು ಪಕ್ಷ ಆದರು. ನಿಮ್ಮ ಮನೆಯಾಕೆ ಪ್ರತಿ ಸಲ ಒಂದೊಂದು ಬಟಾಣಿ ಕಾಳು ಚೀಲಕ್ಕೆ ಹಾಕಿಕೊಂಡು ಬಂದಿದ್ದರಿಂದ ನನ್ನ ಮಾನ ಉಳಿಯಿತು. ಆಕೆ ಕೆಲಸಕ್ಕೆ ಬರುವ ಹೆಂಗಸು. ನೀವು ಎಣಿಕೆ ಬಿಟ್ಟುಬಿಡಿ.

ನಲವತ್ತೆರಡನೇ ಸಲ ಟೇಪು ಚಾಚಿದಾಗ ತುದಿ ಸರಿಯಾಗಿ ಆ ಪಾದದ ಹಿಮ್ಮಡಿಗೆ ಬಂದು ನಿಂತಿತು. ಎರಡು ಸಾವಿರದ ನೂರು. ಒಂದು ಗೇಣು ಹೆಚ್ಚಿಲ್ಲ, ಕಡಿಮೆಯಿಲ್ಲ. ಅಪ್ಪನ ಅಳತೆ ಸರಿ, ನಿಮ್ಮ 2,040ವೂ ಸರಿ. ಮಗಳು ಚಪ್ಪಲಿ ಬಿಚ್ಚಿ ತನ್ನ ಕಾಲನ್ನು ಅದರ ಪಕ್ಕ ಇಟ್ಟು ನೋಡಿದಳು. ನನಗೆ ಅಳು ತಡೆಯಲಾಗಲಿಲ್ಲ. ಎಲ್ಲರೂ ಮದುವೆಗೆ ಅಳುತ್ತಿದ್ದೇನೆ ಎಂದುಕೊಂಡರು. ಅದಕ್ಕೂ ಅಳುತ್ತಿದ್ದೆ.

ಅಲ್ಲೇ ಮದುವೆಯಾಯಿತು. ಸಾಕ್ಷಿಯ ಸಹಿಗೆ ಆ ಪರದೇಶದ ಸೈನಿಕನನ್ನು ಕರೆದದ್ದು ಯಾರ ಉಪಾಯ? ಎರಡೂ ಸರ್ಕಾರ ಒಪ್ಪುವ ಸಹಿ ಅವನದೊಂದೇ. ಪಾಪ, ಅವನೂ ಕಣ್ಣು ಒರೆಸಿಕೊಂಡ.

ಅಷ್ಟರಲ್ಲಿ ನಿಮ್ಮ ಶುಕ್ರವಾರದ ವಿಮಾನ ಇಪ್ಪತ್ತು ನಿಮಿಷ ಮುಂಚೆಯೇ ಬಂದುಬಿಟ್ಟಿತಲ್ಲ. ನೀವು ಪಕ್ಕಕ್ಕಿಟ್ಟಿದ್ದ ರೇಡಿಯೊಗೆ ಓಡಿದ್ದು, 'ಮುಚ್ಚಿದೆ, ಇಳೀಬೇಡಿ' ಅಂತ ಕೂಗಿದ್ದು, ಅದೇ ಗಳಿಗೆಗೆ ನಮ್ಮ ದಪ್ಪದನಿಯವರೂ 'ಮುಚ್ಚಿದೆ, ಇಳೀಬೇಡಿ' ಅಂದದ್ದು, ಎಲ್ಲ ಕೇಳಿಸಿತು. ಪೈಲಟ್ ಗಾಬರಿಯಾದ. 'ಏನ್ರಪ್ಪಾ, ಇಬ್ರೂ ಒಂದೇ ಮಾತು ಹೇಳ್ತಿದ್ದೀರಿ? ಯುದ್ಧ ಗಿದ್ಧ ಶುರುವಾಯ್ತಾ?' ನೀವು ನನ್ನ ಮುಖ ನೋಡಿದಿರಿ. ಆಗ ನಮ್ಮ ರಾಜಧಾನಿಯಿಂದ ದಪ್ಪದನಿಯವರೇ ಹೇಳಿದರು, 'ಮದುವೆ ನಡೀತಿದೆ ಕಣಯ್ಯಾ. ಮುಗಿಯೋವರೆಗೂ ಎರಡು ಸುತ್ತು ಹಾಕು.'

ಅವರಿಗೆ ನಾನು ಹೇಳಿರಲಿಲ್ಲ, ಆಣೆ. ನಿಮ್ಮ ರೇಡಿಯೊದಲ್ಲಿ ಹಿಂದಿನ ಮದುವೆ ಗದ್ದಲ ಕೇಳಿಸಿರಬೇಕು. ಇವತ್ತು ಕಚೇರಿಯ ಮೆಟ್ಟಿಲ ಮೇಲೆ ಸಿಕ್ಕಿದರು. 'ಬಿಸಿನೀರು ಕುಡೀರಿ ಅಂದವರು ಅವರೇ ತಾನೆ?' ಎಂದಷ್ಟೇ ಕೇಳಿ ಹೋದರು.

ನಿಮ್ಮ ನಿಲ್ದಾಣ ಇಲ್ಲ ಎಂದು ತಿಳಿಸುವ ಈ ತಿಂಗಳ ಪತ್ರ ಇದರ ಜೊತೆಗಿದೆ. ಉದ್ದ 2,100, ಉಪಯೋಗಕ್ಕೆ 2,040 ಎಂದು ಹಾಕಿದ್ದೇನೆ. ಅಳೆದವರು ಎಂಬ ಜಾಗದಲ್ಲಿ ಅಪ್ಪನ ಹೆಸರೂ ಇದೆ, ನನ್ನ ಹೆಸರೂ ಇದೆ. ಹಳೆಯದನ್ನು ಇಳಿಸಿ ಇದಕ್ಕೆ ಚೌಕಟ್ಟು ಹಾಕಿಸಿ.

ಬೀಗಿತ್ತಿ